ನಮ್ಮ ಬೆಳಕಿನ ಬೆಲೆ ತೆರುವವರು ಯಾರು?

ಕರೆಂಟು ಹೋದ ಕೂಡಲೇ ಮೆಸ್ಕಾಂಗೆ ಫೋನು ಮಾಡುವ ನಾವು, ಅದು ಎಲ್ಲಿಂದ ಬರುತ್ತದೆ ಎಂದು ಕೇಳುವುದು ಅಪರೂಪ. ನಮ್ಮೂರಿನ ಪಕ್ಕದಲ್ಲೇ ಸ್ಥಾವರ ಬಂದಾಗ ಮಾತ್ರ ಎಚ್ಚೆತ್ತುಕೊಳ್ಳುತ್ತೇವೆ. ಯಾವ ವಿದ್ಯುತ್ ಒಳ್ಳೆಯದು ಎಂಬ ಚರ್ಚೆಯಲ್ಲಿ, ಅದರ ಭಾರ ಹೊರುವವರು ಯಾರು ಎಂಬ ಪ್ರಶ್ನೆಯೂ ಇರಬೇಕು.

ಉಡುಪಿ ಜಿಲ್ಲೆಯ ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರದ ಸಾಮರ್ಥ್ಯ 1,200 ಮೆಗಾವ್ಯಾಟ್. ಕಲ್ಲಿದ್ದಲನ್ನು ಮಳೆ, ರಾತ್ರಿ ಎನ್ನದೆ ಬೇಕಾದಾಗ ಉರಿಸಬಹುದು. ಆದರೆ ಅದರ ಹೊಗೆ ಭೂಮಿಯ ತಾಪ ಏರಿಸುತ್ತದೆ. ಹಾರುಬೂದಿ, ಉಪ್ಪುನೀರಿನಿಂದ ಬೆಳೆ ಕೆಟ್ಟಿದೆಯೆಂದು ಸುತ್ತಲಿನ ಕೃಷಿಕರು ವರ್ಷಗಳಿಂದ ದೂರುತ್ತಾ ಬಂದಿದ್ದಾರೆ.

ಜಲವಿದ್ಯುತ್ತಿಗೆ ಹೊಗೆಯಿಲ್ಲ. 1,035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರ ನಾಡಿಗೆ ದಶಕಗಳಿಂದ ಅಗ್ಗದ ಬೆಳಕು ಕೊಟ್ಟಿದೆ. ಆದರೆ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮನೆ, ಗದ್ದೆ ಬಿಟ್ಟುಕೊಟ್ಟ ಅನೇಕ ಕುಟುಂಬಗಳು ಭೂಮಿಯ ಹಕ್ಕಿಗಾಗಿ ತಲೆಮಾರುಗಳ ಕಾಲ ಅಲೆದಿವೆ.

ಕೈಗಾದ ನಾಲ್ಕು ಘಟಕಗಳು ಸೇರಿ 880 ಮೆಗಾವ್ಯಾಟ್. ಅಲ್ಲಿನ ಮೊದಲನೇ ಘಟಕ 2018ರ ಕೊನೆಯವರೆಗೆ 962 ದಿನ ಎಡೆಬಿಡದೆ ಓಡಿತು. ಈ ಸ್ಥಿರತೆ ಬೇರೆ ಮೂಲಗಳಿಗೆ ಸುಲಭವಲ್ಲ. ಆದರೆ ಅಣು ತ್ಯಾಜ್ಯವನ್ನು ಸಾವಿರಾರು ವರ್ಷ ಕಾಯಬೇಕಾದವರು ಇನ್ನೂ ಹುಟ್ಟದ ಮಕ್ಕಳು.

ಹಾಗಾದರೆ ಸೌರಶಕ್ತಿ? ಪಾವಗಡದ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ಬೇಕಾಯಿತು. ಜಮೀನುಳ್ಳವರಿಗೆ ಗೇಣಿಯ ಹಣ ಬರುತ್ತದೆ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಆ ಗೇಣಿಯಲ್ಲಿ ಪಾಲಿಲ್ಲ.

ಎಲ್ಲದಕ್ಕೂ ಬೆಲೆಯಿದೆಯೆಂದು ಕೈಕಟ್ಟಿ ಕೂರುವುದು ಸರಿಯಲ್ಲ. ಪೋಪ್ ಫ್ರಾನ್ಸಿಸ್ 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಕಲ್ಲಿದ್ದಲಿನಂಥ ಇಂಧನಗಳನ್ನು ತಡಮಾಡದೆ ಹಂತಹಂತವಾಗಿ ಬಿಡಬೇಕೆಂದರು. ಭೂಮಿಯ ಅಳಲನ್ನೂ ಬಡವರ ಅಳಲನ್ನೂ ಒಟ್ಟಿಗೆ ಆಲಿಸಬೇಕೆಂದು ಕಲಿಸಿದರು.

ಯಾರನ್ನೂ ಒಕ್ಕಲೆಬ್ಬಿಸದ ಜಾಗವೊಂದು ನಮ್ಮಲ್ಲೇ ಇದೆ: ಚರ್ಚು, ಶಾಲೆ, ಸಭಾಭವನಗಳ ಮಾಡು. ಅದರ ಮಿತಿಯನ್ನೂ ತಿಳಿದಿರೋಣ. ಆಟಿಯ ಮಳೆಯಲ್ಲಿ ಉತ್ಪಾದನೆ ತೀರಾ ಇಳಿಯುತ್ತದೆ. ಬ್ಯಾಟರಿಯಿಲ್ಲದೆ ಮೆಸ್ಕಾಂ ಲೈನಿಗೆ ಜೋಡಿಸಿದ ಸಾಮಾನ್ಯ ವ್ಯವಸ್ಥೆ, ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. 2024ರಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆ ವಾಸದ ಮನೆಗಳಿಗಾಗಿ ಇರುವಂಥದ್ದು. 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವನ್ನು ಅದು ಘೋಷಿಸಿತು. ಚರ್ಚಿನ ಕಟ್ಟಡಕ್ಕೆ ನಾವೇ ಹಣ ಹೊಂದಿಸಬೇಕು.

ಅದಕ್ಕೂ ಮೊದಲು ಮಾಡಬೇಕಾದುದು ಖರ್ಚಿಲ್ಲದ ಕೆಲಸ. ಪಾಲನಾ ಮಂಡಳಿಯ ಮುಂದಿನ ಸಭೆಯಲ್ಲಿ ವರ್ಷದ ವಿದ್ಯುತ್ ಬಿಲ್ಲುಗಳನ್ನು ಮೇಜಿನ ಮೇಲಿಡೋಣ. ಖಾಲಿ ಸಭಾಭವನದಲ್ಲಿ ತಿರುಗುವ ಫ್ಯಾನು, ಹಬ್ಬ ಮುಗಿದ ಮೇಲೂ ಉರಿಯುವ ದೀಪಾಲಂಕಾರ, ಇವುಗಳ ಲೆಕ್ಕ ಹಾಕೋಣ. ನಾವು ಉಳಿಸಿದ ಒಂದು ಯೂನಿಟ್‌ಗಾಗಿ ಯಾರ ಗದ್ದೆಯೂ ಮುಳುಗುವುದಿಲ್ಲ, ಯಾರ ಅಂಗಳಕ್ಕೂ ಬೂದಿ ಬೀಳುವುದಿಲ್ಲ.