ತರಬೇತಿ ಮುಗಿದ ಮೇಲೆ ಅಂಗಡಿಗೆ ಬರುವವರು ಯಾರು?

ಸಣ್ಣ ಉದ್ದಿಮೆಗಳ ಮಾತೆತ್ತಿದರೆ ನಮ್ಮಲ್ಲಿ ಮೊದಲು ಬರುವುದು ಸಾಲದ ವಿಷಯ. ಸಾಲ ಬೇಕು, ನಿಜ. ಆದರೆ ಸಾಲ ಸಿಕ್ಕ ಮೇಲೂ ಎಷ್ಟೋ ಉದ್ದಿಮೆಗಳು ಇದ್ದಲ್ಲೇ ಇರುತ್ತವೆ. ಏಕೆಂದು ನೋಡಲು ಒಂದು ಸಣ್ಣ ಲೆಕ್ಕ ಹಾಕೋಣ.

ತಾಯಿ-ಮಗಳು ಸೇರಿ ಜೋಳದ ರೊಟ್ಟಿ ಬಡಿದು ಮಾರುತ್ತಾರೆ ಎಂದಿಟ್ಟುಕೊಳ್ಳಿ. 100 ರೊಟ್ಟಿಗೆ ತಲಾ 8 ರೂಪಾಯಿಯಂತೆ 800 ರೂಪಾಯಿ ಬಂತು. ಹಿಟ್ಟಿಗೆ 300, ಗ್ಯಾಸಿಗೆ 100, ಕವರು ಮತ್ತು ಆಟೊಗೆ 80 ಹೋಯಿತು. ಉಳಿದ 320 ರೂಪಾಯಿಯನ್ನು ಅವರು ಲಾಭ ಎನ್ನುತ್ತಾರೆ. ಇಬ್ಬರೂ ಅರ್ಧ ದಿನ ಒಲೆಯ ಮುಂದೆ ಕೂತಿದ್ದಕ್ಕೆ ತಲಾ 200 ರೂಪಾಯಿ ಕೂಲಿ ಹಿಡಿದರೆ ಅದು 80 ರೂಪಾಯಿ ನಷ್ಟ. ಬೇಡಿಕೆ ಹೆಚ್ಚಿ ಕೆಲಸಕ್ಕೆ ಜನ ಇಟ್ಟುಕೊಂಡ ದಿನ ಈ ನಷ್ಟ ಬಯಲಿಗೆ ಬೀಳುತ್ತದೆ. ಅಷ್ಟರಲ್ಲಿ ಸಾಲದ ಕಂತೂ ಶುರುವಾಗಿರುತ್ತದೆ.

ಇಂಥ ಲೆಕ್ಕ ಕಲಿಸುವ ವ್ಯವಸ್ಥೆ ನಮ್ಮಲ್ಲಿ ಹಳೆಯದು. 1982ರಲ್ಲಿ ಉಜಿರೆಯಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಇದೇ ಮಾದರಿಯ ಆರ್‌ಸೆಟಿ ತರಬೇತಿ ಸಂಸ್ಥೆಗಳು ಈಗ ದೇಶದ ಬಹುತೇಕ ಜಿಲ್ಲೆಗಳಲ್ಲಿವೆ. ಊಟ, ವಸತಿ, ಪಾಠ ಎಲ್ಲವೂ ಉಚಿತ. ಕರ್ನಾಟಕ ಹೆಮ್ಮೆಪಡಬೇಕಾದ ಕೆಲಸ ಇದು. ಆದರೆ ಪಾಠ ಮುಗಿದ ಮೇಲೆ ಏನು?

ಕೀನ್ಯಾದ ರಾಜಧಾನಿ ನೈರೋಬಿಯ ದಂಡೋರಾ ಎಂಬ ಬಡಾವಣೆಯಲ್ಲಿ ನಡೆದ, 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿ ಸಣ್ಣ ವ್ಯಾಪಾರ ಮಾಡುವ ಕೆಲವು ಮಹಿಳೆಯರಿಗೆ ತರಗತಿಯಲ್ಲಿ ವ್ಯವಹಾರದ ಪಾಠ ಹೇಳಿದರು. ಇನ್ನು ಕೆಲವರನ್ನು ಅದೇ ಬಡಾವಣೆಯಲ್ಲಿ ಪಳಗಿದ ವ್ಯಾಪಾರಸ್ಥೆಯರ ಜೊತೆ ಸೇರಿಸಿದರು. ಪಾಠ ಕೇಳಿದವರ ಲಾಭ ಹೆಚ್ಚಲಿಲ್ಲ. ಹಿರಿಯರ ಮಾರ್ಗದರ್ಶನ ಸಿಕ್ಕವರ ಲಾಭ ಸರಾಸರಿ ಶೇ 20ರಷ್ಟು ಏರಿತು. ಯಾರ ಬಳಿ ಸರಕು ಕೊಂಡರೆ ಅಗ್ಗ ಎಂಬ ಸ್ಥಳೀಯ ತಿಳಿವಳಿಕೆಯೇ ಇದಕ್ಕೆ ಮುಖ್ಯ ಕಾರಣ. ಅದು ಯಾವ ಪಠ್ಯಪುಸ್ತಕದಲ್ಲೂ ಸಿಗುವಂಥದ್ದಲ್ಲ. ಜೋಳದ ಸುಗ್ಗಿಯಲ್ಲಿ ಯಾವ ಮಂಡಿಯಲ್ಲಿ ಚೀಲ ಕೊಳ್ಳಬೇಕೆಂದು ನಮ್ಮ ರೊಟ್ಟಿಯ ತಾಯಿಗೂ ಹೇಳಬಲ್ಲವರು ಅದೇ ಪೇಟೆಯಲ್ಲಿ ಇಪ್ಪತ್ತು ವರ್ಷ ಕಳೆದವರು ಮಾತ್ರ. ದಂಡೋರಾದಲ್ಲಿ ಭೇಟಿಗಳು ನಿಲ್ಲುತ್ತಿದ್ದಂತೆ ಆ ಲಾಭವೂ ಕರಗಿತು ಎಂಬುದನ್ನು ಮರೆಯಬಾರದು.

ಸ್ವಲ್ಪ ದೊಡ್ಡ ಉದ್ದಿಮೆಗೂ ಈ ಮಾತು ಸಲ್ಲುತ್ತದೆ. ಮುಂಬೈ ಸಮೀಪದ ತಾರಾಪುರ, ಉಂಬರ್‌ಗಾಂವ್‌ಗಳ ಬಟ್ಟೆ ಮಿಲ್ಲುಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ 2013ರಲ್ಲಿ ಹೊರಬಂತು. ಅಲ್ಲಿ ನೂಲಿನ ಚೀಲಗಳನ್ನು ಗುರುತು ಚೀಟಿಯಿಲ್ಲದೆ ರಾಶಿ ಹಾಕಿದ್ದರು, ಉಪಕರಣಗಳು ನೆಲದ ಮೇಲೆ ಬಿದ್ದಿದ್ದವು. ಸಲಹೆಗಾರರು ತಿಂಗಳುಗಟ್ಟಲೆ ಮಿಲ್ಲಿನೊಳಗೇ ನಿಂತು ಇವನ್ನೆಲ್ಲ ಸರಿಪಡಿಸಿದರು. ಮೊದಲ ವರ್ಷದಲ್ಲೇ ಉತ್ಪಾದಕತೆ ಶೇ 17ರಷ್ಟು ಹೆಚ್ಚಿತು. ಅದುವರೆಗೆ ಮಾಲೀಕರು ಸುಮ್ಮನಿದ್ದದ್ದು ಸೋಮಾರಿತನದಿಂದಲ್ಲ. ತಮ್ಮ ಮಿಲ್ಲು ಚೆನ್ನಾಗಿಯೇ ನಡೆಯುತ್ತಿದೆ ಎಂದು ಹಲವರು ನಂಬಿದ್ದರು. ತಪ್ಪು ಕಾಣಲು ಹೊರಗಿನ ಕಣ್ಣು ಬೇಕಾಯಿತು.

ಹಾಗಾಗಿ ಎಷ್ಟು ಮಂದಿ ತರಬೇತಿ ಪಡೆದರು ಎಂಬುದಷ್ಟೇ ಸರ್ಕಾರದ ಲೆಕ್ಕವಾಗಬಾರದು. ಎರಡನೇ ವರ್ಷ ಅವರ ಕೈಗೆ ಎಷ್ಟು ಉಳಿಯಿತು ಎಂದೂ ಕೇಳಬೇಕು. ತಿಂಗಳಿಗೊಮ್ಮೆ ಅಂಗಡಿಗೇ ಹೋಗಿ ಖಾತೆ ಪುಸ್ತಕ ತೆರೆಸಿ ನೋಡುವವರಿಗೆ ಗೌರವಧನ ಮೀಸಲಿಡಬೇಕು. ಇನ್ನು ಪೀಣ್ಯದಲ್ಲೋ ದಾವಣಗೆರೆಯಲ್ಲೋ ಉದ್ದಿಮೆ ಕಟ್ಟಿ ಈಗ ಮಕ್ಕಳಿಗೆ ವಹಿಸಿಕೊಟ್ಟಿರುವ ಹಿರಿಯರಲ್ಲಿ ಒಂದು ಕೋರಿಕೆ: ನಿಮ್ಮ ಜಿಲ್ಲೆಯ ತರಬೇತಿ ಸಂಸ್ಥೆಗೆ ಹೋಗಿ, ಹೊಸದಾಗಿ ವ್ಯಾಪಾರ ಶುರುಮಾಡಿದ ಒಬ್ಬರ ಹೆಸರು ಕೇಳಿ ಪಡೆಯಿರಿ, ಒಂದು ವರ್ಷ ಅವರ ಜೊತೆಗಿರಿ.