ಗುಡುಗಿದಾಗ ಮರದಡಿ ಬೇಡ

ಮುಂಗಾರಿಗೆ ಮುಂಚಿನ ಮಳೆ ಶುರುವಾಯ್ತು ಅಂದ್ರೆ ಸಿಡಿಲು ತಪ್ಪಿದ್ದಲ್ಲ. ತಿಪಟೂರು, ಅರಸೀಕೆರೆ ಕಡೆ ತೋಟಗಳಲ್ಲಿ ಸಿಡಿಲು ಬಡಿದ ತೆಂಗನ್ನು ನೋಡದವರಾರು? ಸಿಡಿಲಿನ ಹಾದಿಯ ಶಾಖ ಸುಮಾರು 30,000 ಡಿಗ್ರಿ. ಮರದೊಳಗಿನ ನೀರು ಕ್ಷಣಾರ್ಧದಲ್ಲಿ ಆವಿಯಾಗಿ ಉಬ್ಬುತ್ತದೆ. ತೊಗಟೆ ಹಾರುತ್ತದೆ, ಕಾಂಡ ಸೀಳಿಹೋಗುತ್ತದೆ. ಬೇವು, ಹುಣಸೆಯಾದರೆ ಉಳಿದ ಕೊಂಬೆ ಚಿಗುರಬಹುದು. ತೆಂಗಿಗೆ ಇರುವುದೊಂದೇ ಸುಳಿ. ಅದು ಬೆಂದರೆ ಮರ ಹೋಯ್ತು ಅಂತಲೇ ಲೆಕ್ಕ. ಕೆಲವು ಮರ ಅಂದು ಏನೂ ಆಗದಂತೆ ನಿಂತು, ವಾರಗಳ ಮೇಲೆ ಒಣಗುತ್ತವೆ.

ಮರದ ಗತಿಯೇ ಹೀಗಾದರೆ ಬುಡದಲ್ಲಿ ನಿಂತವರ ಗತಿ? ಸಿಡಿಲು ಮರದಿಂದ ಪಕ್ಕದ ಮನುಷ್ಯನಿಗೆ ಹಾರುತ್ತದೆ, ನೆಲದಲ್ಲೂ ಹರಿಯುತ್ತದೆ. ಆದರೂ ಬಸ್ಸಿಗೆ ಕಾಯುವವರು ಮಳೆ ಬಂದ ಕೂಡಲೇ ಮರದಡಿಗೇ ಓಡ್ತಾರೆ. ಬೇರೆ ಸೂರೆಲ್ಲಿದೆ ಸ್ವಾಮಿ? ಅಂಗಡಿ ಮೆಟ್ಟಿಲೇರಿದರೆ ‘ವ್ಯಾಪಾರಕ್ಕೆ ಅಡ್ಡ ನಿಲ್ಲಬೇಡಿ’ ಎಂಬ ಗದರಿಕೆ.

ಸಿಡಿಲು ಬಡಿದ ರಸ್ತೆಬದಿ ಮರಗಳನ್ನು ಸಂಬಂಧಪಟ್ಟವರು ಕೂಡಲೇ ಪರೀಕ್ಷಿಸಲಿ. ಒಣಮರ ಬೀಳಲು ಮುಹೂರ್ತ ನೋಡುವುದಿಲ್ಲ. ಅಂಗಡಿ ಮಾಲೀಕರೇ, ಕಡೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗಾದರೂ ಹೊರಗೆ ನಿಂತವರನ್ನು ಒಳಗೆ ಕರೆಯಿರಿ. ವ್ಯಾಪಾರ ನಾಳೆಯೂ ಆಗುತ್ತದೆ, ಹೋದ ಜೀವ ಬರುವುದಿಲ್ಲ.