ನೆಗಡಿಗೆ ಮೂಗು ಕೊಯ್ಯುವ ಠರಾವು

ನಮ್ಮ ಸಂಘದ ಕಾರ್ಯಕಾರಿ ಸಮಿತಿಯು ಕಳೆದ ತಿಂಗಳು ಒಂದು ಠರಾವು ಪಾಸು ಮಾಡಿದೆ. ಭಾನುವಾರ ಬೆಳಿಗ್ಗೆ ನಡೆಯುತ್ತಿದ್ದ ಮಕ್ಕಳ ಮಾದರಿ ತಯಾರಿಕೆಯ ವರ್ಗವನ್ನು ‘ಅಂಟಿನ ವಿಷಕಾರಿ ವಾಸನೆಯ ಕಾರಣ’ ನಿಲ್ಲಿಸಲಾಗಿದೆಯೆಂದು ನೋಟೀಸು ಬೋರ್ಡಿನಲ್ಲಿ ನಾಲ್ಕು ಸಾಲು ಹಚ್ಚಿದ್ದಾರೆ. ಓದಿದವರಲ್ಲಿ ಹಲವರು ‘ಒಳ್ಳೆಯದೇ ಆಯಿತು’ ಎಂದರು. ಕೆಲವರು ‘ಇಷ್ಟಕ್ಕೆಲ್ಲ ನಿಲ್ಲಿಸುವುದೇ? ವಾಸನೆಯಿಂದ ಯಾರಿಗೆ ಏನಾಗಿದೆ?’ ಎಂದರು. ಈ ಎರಡು ಪಕ್ಷದವರೂ ತಪ್ಪುತ್ತಿದ್ದಾರೆಂದು ಹೇಳುವುದಕ್ಕೇ ಈ ಬರಹ.

ಹೇಳಲು ನೀನು ಯಾರು ಎಂದು ಕೇಳುವ ಹಕ್ಕು ಓದುಗರಿಗಿದೆ. ನಾನು ಠಾಣೆಯ ಕಡೆಯ ಬಣ್ಣದ ಕಾರ್ಖಾನೆಯೊಂದರಲ್ಲಿ ಮೂವತ್ತೆರಡು ವರ್ಷ ಥಿನ್ನರಿನ ಡ್ರಮ್ಮುಗಳ ನಡುವೆ ದುಡಿದು ನಿವೃತ್ತನಾದವನು. ಇಂಥ ಆವಿ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ಪುಸ್ತಕದಲ್ಲಿ ಓದುವ ಮೊದಲು ಮೂಗಿನಲ್ಲಿ ಕಲಿತವನು.

ಮೊದಲು ನಡೆದದ್ದೇನೆಂದು ನೋಡೋಣ. ಜುಲೈ ತಿಂಗಳ ಆ ಭಾನುವಾರ ಮಳೆ ಜಡಿದು ಹೊಡೆಯುತ್ತಿತ್ತು. ಹಾಲಿನ ಕಿಟಕಿಗಳನ್ನೆಲ್ಲ ಮುಚ್ಚಿ ಏಸಿ ಹಾಕಿದ್ದರು. ಹದಿನಾಲ್ಕು ಮಕ್ಕಳು ಜಮಖಾನದ ಮೇಲೆ ಕುಳಿತು ವಿಮಾನದ ರೆಕ್ಕೆ ಜೋಡಿಸುತ್ತಿದ್ದರು. ವಿಮಾನಗಳನ್ನು ನಿಲ್ಲಿಸುವ ಹಲಗೆಗೆ ಬಣ್ಣದ ಹಾಳೆ ಅಂಟಿಸಲೆಂದು ಯಾರೋ ಹಾರ್ಡ್‌ವೇರ್ ಅಂಗಡಿಯಿಂದ ಸನ್‌ಮೈಕಾಕ್ಕೆ, ಚಪ್ಪಲಿಗೆ ಬಳಸುವ ಹಳದಿ ಅಂಟಿನ ಡಬ್ಬಿ ತಂದರು. ಮುಚ್ಚಳ ತೆಗೆದ ಡಬ್ಬಿ ಎರಡು ಗಂಟೆ ಹಾಗೆಯೇ ನಡುವೆ ಕುಳಿತಿತ್ತು. ಹನ್ನೊಂದು ವರ್ಷದ ಹುಡುಗಿಯೊಬ್ಬಳಿಗೆ ತಲೆನೋವು ಬಂತು, ವಾಂತಿಯಾಯಿತು. ಹೊರಗಿನ ವರಾಂಡದಲ್ಲಿ ಅರ್ಧ ಗಂಟೆ ಕೂತ ಮೇಲೆ ಸುಧಾರಿಸಿಕೊಂಡಳು.

ಇದರಿಂದ ಕಲಿಯಬೇಕಾದ ಪಾಠ ಸ್ಪಷ್ಟವಾಗಿತ್ತು: ಕಿಟಕಿ ತೆರೆಯಬೇಕಿತ್ತು, ಡಬ್ಬಿ ಮುಚ್ಚಬೇಕಿತ್ತು. ಸಮಿತಿ ಕಲಿತ ಪಾಠ ಬೇರೆ. ವರ್ಗವನ್ನೇ ಮುಚ್ಚಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದು ಎಂದರೆ ಇದೇ.

ಈಗ ಅಂಟಿನ ವಿಷಯ. ಮಕ್ಕಳು ಜೋಡಿಸುವ ವಿಮಾನ, ಹಡಗುಗಳ ಬಿಡಿಭಾಗಗಳು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನವು. ಅವಕ್ಕೆ ಹಚ್ಚುವ ‘ಸಿಮೆಂಟು’ ನಮ್ಮ ಗೋಂದಿನ ಹಾಗೆ ನಡುವೆ ನಿಂತು ಹಿಡಿಯುವ ಅಂಟಲ್ಲ. ಅದು ಎರಡೂ ಅಂಚುಗಳ ಪ್ಲಾಸ್ಟಿಕ್ಕನ್ನು ಕರಗಿಸಿ ಒಂದಾಗಿಸುತ್ತದೆ. ಕರಗಿಸುವ ದ್ರವ ಆಮೇಲೆ ಹಾರಿಹೋಗಬೇಕು. ಹಾರಿಹೋದರೇ ಬೆಸುಗೆ ಗಟ್ಟಿಯಾಗುವುದು. ಅಂದರೆ ಆವಿ ಏಳುವುದು ಅಂಟಿನ ದೋಷವಲ್ಲ, ಅದರ ಕೆಲಸವೇ ಅದು. ಹಳೆಯ ಟ್ಯೂಬುಗಳಲ್ಲಿ ಹೆಚ್ಚಾಗಿ ಟೊಲ್ಯೂಈನ್ ಇರುತ್ತಿತ್ತು. ಈಗಿನ ತೆಳು ಸಿಮೆಂಟುಗಳಲ್ಲಿ ಹಲವು ಅಸಿಟೋನ್, ಬ್ಯೂಟೈಲ್ ಅಸಿಟೇಟ್‌ಗಳವು. ಆ ಹಳದಿ ಅಂಟಿನ ಡಬ್ಬಿಯ ಮೇಲಂತೂ ಟೊಲ್ಯೂಈನ್ ಎಂದು ಅಚ್ಚಾಗಿತ್ತು. ಓದಿದವರಿಲ್ಲ.

‘ವಾಸನೆಯಿಂದ ಏನಾಗುತ್ತದೆ’ ಎನ್ನುವವರಿಗೆ ಒಂದು ಮಾತು. 1960ರ ದಶಕದಲ್ಲಿ ಜಪಾನಿನಲ್ಲಿ ಮನೆಯ ಸಣ್ಣ ಕೋಣೆಗಳಲ್ಲಿ ಕೂತು ಚಪ್ಪಲಿ ಅಂಟಿಸುತ್ತಿದ್ದ ಕೆಲಸಗಾರರ ಕೈಕಾಲುಗಳ ನರ ಕೆಟ್ಟು ಬಲ ಕುಂದಿತು. ಕಾರಣ, ಅಂಟಿನಲ್ಲಿದ್ದ ಹೆಕ್ಸೇನ್ ಎಂಬ ದ್ರಾವಕದ ಆವಿ. ಅವರು ದಿನಗಟ್ಟಲೆ, ತಿಂಗಳುಗಟ್ಟಲೆ ಅದರಲ್ಲೇ ಇದ್ದರು, ನಿಜ. ನಮ್ಮ ಮಕ್ಕಳದು ವಾರಕ್ಕೆ ಎರಡು ಗಂಟೆ. ಆದರೆ ಮುಚ್ಚಿದ ಕೋಣೆಯ ಅಂಟು ಬರಿಯ ವಾಸನೆಯಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

‘ವಿಷ, ನಿಲ್ಲಿಸಿ’ ಎನ್ನುವವರಿಗೆ ಸ್ವಲ್ಪ ಲೆಕ್ಕ. ಒಂದು ಮಿಲಿಲೀಟರ್ ಟೊಲ್ಯೂಈನ್ ಪೂರ್ತಿ ಆವಿಯಾದರೆ ಸುಮಾರು 230 ಮಿಲಿಲೀಟರ್ ಆವಿ ಆಗುತ್ತದೆ. ನಮ್ಮ ಹಾಲು 20 ಅಡಿ ಉದ್ದ, 15 ಅಡಿ ಅಗಲ, 10 ಅಡಿ ಎತ್ತರ. ಅಷ್ಟು ಗಾಳಿಯಲ್ಲಿ ಆ ಆವಿ ಬೆರೆತರೆ ಹತ್ತು ಲಕ್ಷ ಪಾಲಿನಲ್ಲಿ 3 ಪಾಲಿಗೂ ಕಡಿಮೆ. ಎಂಟು ಗಂಟೆ ದುಡಿಯುವ ಕೆಲಸಗಾರನಿಗೆ ಅಮೆರಿಕದ ಕೈಗಾರಿಕಾ ನೈರ್ಮಲ್ಯ ತಜ್ಞರ ಸಂಸ್ಥೆ ಹೇಳುವ ಮಿತಿ 20 ಪಾಲು. ಮಗುವೊಂದು ವಿಮಾನಕ್ಕೆ ಹಚ್ಚುವುದು ಕೆಲವೇ ಹನಿ. ಆದರೆ ತೆರೆದಿಟ್ಟ ಡಬ್ಬಿಯಿಂದ, ಹಚ್ಚಿದ ಹಲಗೆಗಳಿಂದ 30 ಮಿಲಿಲೀಟರ್ ಹಾರಿತೆಂದು ಹಿಡಿದರೆ ಲೆಕ್ಕ 80 ದಾಟುತ್ತದೆ. ಇದೂ ಇಡೀ ಹಾಲಿನ ಸರಾಸರಿ. ಡಬ್ಬಿಯ ಪಕ್ಕದಲ್ಲಿ ಬಗ್ಗಿ ಕೂತ ಮಗುವಿನ ಮೂಗಿಗೆ ಬಂದದ್ದು ಇನ್ನೂ ಹೆಚ್ಚೇ ಇದ್ದೀತು. ಈ ಆವಿ ಗಾಳಿಗಿಂತ ಸುಮಾರು ಮೂರು ಪಾಲು ಭಾರ. ಡಬ್ಬಿಯಿಂದ ಇಳಿದು ನೆಲದ ಮೇಲೇ ಹರಡಿಕೊಳ್ಳುತ್ತದೆ. ಕುರ್ಚಿಯಲ್ಲಿ ಕೂತ ನಮಗಿಂತ ಜಮಖಾನದ ಮೇಲೆ ಕೂತ ಮಕ್ಕಳಿಗೆ ಅದು ಹತ್ತಿರ.

ಹಾಗಾದರೆ ತಪ್ಪು ಯಾರದು? ವಿಮಾನದ್ದಲ್ಲ. ವರ್ಗ ನಡೆಸುತ್ತಿದ್ದ ಹುಡುಗನದೂ ಪೂರ್ತಿಯಲ್ಲ. ಹಾಲಿಗೆ ಏಸಿ ಕೂರಿಸಿದಾಗ ದಾನಿಗಳ ಹೆಸರಿನ ಫಲಕ ಹಾಕಿಸಿದೆವು. ಆದರೆ ಕಿಟಕಿಗಳ ಚಿಲಕಕ್ಕೆ ಬಣ್ಣ ಬಳಿದು ಮತ್ತೆ ತೆರೆಯದಂತೆ ಮಾಡಿದ್ದನ್ನು ಯಾರೂ ಕೇಳಲಿಲ್ಲ. ಗೋಡೆಯ ಏಸಿ ಹೊರಗಿನ ಗಾಳಿ ತರುವುದಿಲ್ಲ. ಒಳಗಿನದನ್ನೇ ತಣಿಸಿ ತಿರುಗಿಸಿ ಕೊಡುತ್ತದೆ. ಆ ಹುಡುಗಿ ಎರಡು ಗಂಟೆ ಉಸಿರಾಡಿದ್ದು ಅದೇ ಗಾಳಿಯನ್ನು. ‘ನಮಗೇನೂ ವಾಸನೆ ಬರಲಿಲ್ಲವಲ್ಲ’ ಎಂದು ಒಬ್ಬ ಸದಸ್ಯರು ಸಭೆಯಲ್ಲಿ ಹೇಳಿದರಂತೆ. ಬರುವುದಿಲ್ಲ ಸ್ವಾಮಿ! ಮೂಗು ಕೆಲವೇ ನಿಮಿಷಗಳಲ್ಲಿ ಒಗ್ಗಿಹೋಗುತ್ತದೆ. ಹೊರಗಿನಿಂದ ಈಗ ಬಂದವರನ್ನು ಕೇಳಬೇಕು, ಒಳಗೆ ಕೂತವರನ್ನಲ್ಲ.

ಎಲ್ಲರಿಗೂ ಮಾಸ್ಕು ಕೊಟ್ಟರಾಯಿತು ಎಂಬ ಸೂಚನೆಯೂ ಬಂದಿತ್ತು. 2020ರ ಮಹಾಮಾರಿಯ ಕಾಲದ ಎನ್95 ಮಾಸ್ಕುಗಳು ಪ್ರತಿ ಮನೆಯಲ್ಲೂ ಇವೆ. ಅವು ಕಣಗಳನ್ನು ತಡೆಯುತ್ತವೆ, ಆವಿಯನ್ನಲ್ಲ. ಪ್ಲಾಸ್ಟಿಕ್ಕನ್ನು ಮರಳು ಕಾಗದದಿಂದ ಉಜ್ಜುವಾಗ ಹಾಕಿಕೊಳ್ಳಲಿ, ಒಳ್ಳೆಯದು. ಅಂಟಿನ ಆವಿಗೆ ಬೇಕಾದದ್ದು ಇದ್ದಿಲಿನ ಡಬ್ಬಿಯಿರುವ ಮುಖಗವಸು. ನಾವು ಕಾರ್ಖಾನೆಯಲ್ಲಿ ಹಾಕುತ್ತಿದ್ದೆವು. ಅದನ್ನು ಮಕ್ಕಳ ಮುಖಕ್ಕೆ ಕಟ್ಟುವುದಕ್ಕಿಂತ ಎರಡು ಕಿಟಕಿ ತೆರೆಯುವುದು ಸುಲಭವಲ್ಲವೇ?

ಇನ್ನು ‘ಕನ್ನಡ ಸಂಘದಲ್ಲಿ ಪ್ಲಾಸ್ಟಿಕ್ ವಿಮಾನ ಏತಕ್ಕೆ? ಮಕ್ಕಳು ಅಕ್ಷರ ಕಲಿಯಲಿ’ ಎಂಬ ವಾದ. ಇದು ಅಂಟಿನ ನೆಪದಲ್ಲಿ ಬಂದ ಹಳೆಯ ಅಸಮಾಧಾನ. ನಮ್ಮ ಅಕ್ಷರಾಭ್ಯಾಸದ ವರ್ಗಕ್ಕೆ ಬರುವವರು ಐದು ಮಂದಿ, ಅದೂ ತಂದೆತಾಯಿಯರ ಬಲವಂತಕ್ಕೆ. ಈ ವರ್ಗಕ್ಕೆ ಹದಿನಾಲ್ಕು ಮಂದಿ ತಾವಾಗಿ ಬರುತ್ತಿದ್ದರು. ಶಾಲೆಯಲ್ಲಿ ಇಂಗ್ಲಿಷು, ಕಟ್ಟಡದ ಕೆಳಗೆ ಹಿಂದಿ, ಮರಾಠಿ. ಇಲ್ಲಿ ಮಾತ್ರ ‘ರೆಕ್ಕೆ ಹಿಡಿ’, ‘ಬಾಲ ಸೊಟ್ಟಗಾಯ್ತು’, ‘ಗಾಲಿ ಎಲ್ಲಿ ಬಿತ್ತು’ ಎಂಬ ಮಾತು ಅವರ ಬಾಯಿಂದ ಕನ್ನಡದಲ್ಲಿ ಬರುತ್ತಿತ್ತು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಸಿದ್ಧವಾಗಿ 1961ರಲ್ಲಿ ಮೊದಲ ಸಲ ಹಾರಿದ ಮಾರುತ್ ವಿಮಾನದ ಕಥೆಯನ್ನು ನನ್ನ ಮೊಮ್ಮಗ ಕೇಳಿದ್ದು ಈ ಜಮಖಾನದ ಮೇಲೆ. ಇದು ಕನ್ನಡದ ಕೆಲಸವಲ್ಲವೆಂದರೆ ಕನ್ನಡದ ಕೆಲಸ ಯಾವುದು?

ಎಲ್ಲಕ್ಕಿಂತ ದೊಡ್ಡ ಮಾತು ಮುಂದಿದೆ. ವರ್ಗ ನಿಂತರೆ ಅಂಟು ನಿಲ್ಲುವುದಿಲ್ಲ. ಕಿಟ್ಟುಗಳು ಮಕ್ಕಳ ಕೈಯಲ್ಲಿವೆ. ಅವರೀಗ ಮನೆಯಲ್ಲಿ, ಮಲಗುವ ಖೋಲಿಯ ಬಾಗಿಲು ಹಾಕಿಕೊಂಡು, ಏಸಿ ಹಚ್ಚಿ, ರಾತ್ರಿ ಜೋಡಿಸುತ್ತಾರೆ, ಅಲ್ಲೇ ಮಲಗುತ್ತಾರೆ. ಹತ್ತು ಅಡಿಗೆ ಹತ್ತು ಅಡಿಯ ಖೋಲಿಯಲ್ಲಿ ಅದೇ ಒಂದು ಮಿಲಿಲೀಟರ್ 3 ಅಲ್ಲ, 8 ಪಾಲಾಗುತ್ತದೆ. ವಾಸನೆ ಹೋಗಲೆಂದು ತಾಯಿ ಊದುಬತ್ತಿ ಹಚ್ಚುತ್ತಾಳೆ. ಬೆಂಕಿಗೆ ಹೊತ್ತಿಕೊಳ್ಳುವ ದ್ರವದ ಪಕ್ಕದಲ್ಲಿ ಕಿಡಿ! ದೇವರ ದೀಪದ ಹತ್ತಿರ, ಗ್ಯಾಸ್ ಒಲೆಯ ಹತ್ತಿರ ಈ ಬಾಟಲಿ ತೆರೆಯಲೇ ಬಾರದು. ಇದನ್ನು ಮನೆ ಮನೆಗೆ ಯಾರು ಹೇಳುವವರು? ಹೇಳಬೇಕಾಗಿದ್ದ ವರ್ಗವನ್ನೇ ಮುಚ್ಚಿದೆವಲ್ಲ!

ಅಂಟನ್ನು ಬೇಕೆಂದೇ ಮೂಸುವ ಚಟದಿಂದ ಮಕ್ಕಳನ್ನು ಕಳೆದುಕೊಂಡ ದೇಶಗಳೂ ವಿಮಾನ ಜೋಡಿಸುವುದನ್ನು ನಿಷೇಧಿಸಲಿಲ್ಲ. ಅಮೆರಿಕದ ಟೆಸ್ಟರ್ಸ್ ಕಂಪನಿ 1969ರಲ್ಲಿ ತನ್ನ ಅಂಟಿಗೆ, ಯಾರೂ ಮೂಸದಿರಲೆಂದು, ಸಾಸಿವೆಯ ಘಾಟು ಬೆರೆಸಿತು. ಬ್ರಿಟನ್ನು 1985ರಲ್ಲಿ, ಮೂಸಲೆಂದೇ ಕೊಳ್ಳುವ ಹದಿನೆಂಟರೊಳಗಿನವರಿಗೆ ಇಂಥ ವಸ್ತು ಮಾರುವುದನ್ನು ಕಾನೂನಿನಿಂದ ತಡೆಯಿತು. ತಡೆಯಬೇಕಾದದ್ದು ಯಾವುದು, ಉಳಿಸಬೇಕಾದದ್ದು ಯಾವುದು ಎಂಬ ವಿವೇಕ ಅವರಿಗಿತ್ತು.

ಸಮಿತಿಯ ಮುಂದೆ ನನ್ನ ಬೇಡಿಕೆಗಳು ದುಬಾರಿಯವಲ್ಲ. ಎದುರುಬದುರಿನ ಎರಡು ಕಿಟಕಿಗಳ ಚಿಲಕ ಬಿಡಿಸಲಿ. ಒಂದು ಕಿಟಕಿಯಲ್ಲಿ ಗಾಳಿ ಹೊರಕ್ಕೆ ನೂಕುವ ಎಕ್ಸಾಸ್ಟ್ ಫ್ಯಾನ್ ಕೂರಿಸಲಿ. ಇನ್ನೊಂದು ಗಾಳಿ ಬರಲು ತೆರೆದಿರಲಿ. ಬರುವ ದಾರಿಯಿಲ್ಲದೆ ಹೋಗುವ ದಾರಿ ಕೆಲಸ ಮಾಡದು. ಮಕ್ಕಳು ನೆಲ ಬಿಟ್ಟು ಮೇಜಿನ ಮುಂದೆ ಕೂರಲಿ, ಫ್ಯಾನು ಅವರ ಎದುರಿಗಿರಲಿ, ಆವಿ ಮುಖದಿಂದ ದೂರಕ್ಕೆ ಹೋಗಲಿ. ಬಾಟಲಿ ಪ್ರತಿ ಸಲವೂ ಮುಚ್ಚಲಿ. ಹಲಗೆಗೆ, ಥರ್ಮಾಕೋಲಿಗೆ ನೀರಿನಲ್ಲಿ ಕರಗುವ ಬಿಳಿ ಅಂಟು ಸಾಕು. ಥರ್ಮಾಕೋಲಿಗೆ ದ್ರಾವಕದ ಅಂಟು ಹಚ್ಚಿದರೆ ಅದು ಕರಗಿಯೇ ಹೋಗುತ್ತದೆ. ಆ ಹಳದಿ ಡಬ್ಬಿ ಮತ್ತೆ ಒಳಗೆ ಬರುವುದು ಬೇಡ. ಕಿತ್ತಳೆ ಸಿಪ್ಪೆಯ ಎಣ್ಣೆಯಿಂದ ಮಾಡಿದ ಸಿಮೆಂಟೂ ಸಿಗುತ್ತದೆ. ನಿಧಾನ, ಆದರೆ ಅಷ್ಟು ಉಗ್ರವಲ್ಲ. ಅದಕ್ಕೂ ಕಿಟಕಿ ತೆರೆದೇ ಇರಬೇಕು. ಮಳೆ ಜೋರಾಗಿ ಕಿಟಕಿ ಮುಚ್ಚಬೇಕಾದ ದಿನ ಅಂಟಿಲ್ಲ. ಬಿಡಿಭಾಗ ಕತ್ತರಿಸಲಿ, ಉಜ್ಜಲಿ, ನೀರಿನ ಬಣ್ಣ ಬಳಿಯಲಿ. ಬೇಸಗೆಯಲ್ಲಿ ಸ್ವಲ್ಪ ಬೆವರಿದರೆ ಬೆವರಲಿ. ನಾವೆಲ್ಲ ಈ ಊರಿಗೆ ಬಂದು ಚಾಳುಗಳಲ್ಲಿ ಬೆವರಿಯೇ ಬದುಕು ಕಟ್ಟಿದವರು.

ಮೊನ್ನೆ ಆ ಹುಡುಗಿ ಮೆಟ್ಟಿಲ ಹತ್ತಿರ ಸಿಕ್ಕಳು. ‘ಅಜ್ಜಾ, ಕ್ಲಾಸು ನಿಲ್ಲಿಸಿದ್ದು ನನ್ನಿಂದಾಗಿಯಾ?’ ಎಂದು ಕೇಳಿದಳು. ಉಳಿದ ಮಕ್ಕಳು ಅವಳಿಗೆ ಹಾಗೇ ಹೇಳಿದ್ದಾರಂತೆ. ಅಲ್ಲ ಮಗಾ, ಕಿಟಕಿಯಿಂದಾಗಿ ಎಂದೆ. ಅವಳು ನಂಬಿದಂತೆ ಕಾಣಲಿಲ್ಲ.

ಮುಂದಿನ ಸಭೆಯಲ್ಲಿ ಈ ಠರಾವನ್ನು ಹಿಂದಕ್ಕೆ ಪಡೆಯಬೇಕೆಂದು ಅಧ್ಯಕ್ಷರನ್ನೂ ಕಾರ್ಯದರ್ಶಿಗಳನ್ನೂ ಕೇಳಿಕೊಳ್ಳುತ್ತೇನೆ. ಫ್ಯಾನಿನ ಖರ್ಚು ನನ್ನದು, ಅದಕ್ಕೆ ನನ್ನ ಹೆಸರಿನ ಫಲಕ ಬೇಡ. ಕಿಟಕಿಯ ಚಿಲಕಕ್ಕೆ ಬಳಿದ ಬಣ್ಣವನ್ನು ಕೆರೆದು ತೆಗೆಯುವುದಕ್ಕೂ ನಾನೇ ಬರುತ್ತೇನೆ. ಬಣ್ಣದ ಕೆಲಸ ನನಗೆ ಗೊತ್ತು. ಸಮಿತಿಯವರು ಮಾಡಬೇಕಾದದ್ದು ಒಂದೇ: ನೋಟೀಸು ಬೋರ್ಡಿನ ಆ ನಾಲ್ಕು ಸಾಲನ್ನು ಕಿತ್ತು ಹಾಕುವುದು.

— ಓರ್ವ ಆಜೀವ ಸದಸ್ಯ